ಎಂಟು ಮಡಕೆಯ ಹಿತ್ತಲು

ಹೋದ ವರ್ಷ ಬೇಸಿಗೆಯಲ್ಲಿ ಹಿತ್ತಲಿಗೆ ದಿನಕ್ಕೆ ಹತ್ತು ಬಕೆಟ್ ನೀರು ಹಾಕುತ್ತಿದ್ದೆ. ಆದರೂ ಏಪ್ರಿಲ್ ಮೊದಲ ವಾರಕ್ಕೆ ಎಲ್ಲ ಒಣಗಿ ಹೋಯಿತು. ಈ ವರ್ಷ ಅದರ ಕಾಲು ಭಾಗದಷ್ಟು ನೀರು ಹಾಕಿದೆ. ಬೆಂಡೆ, ಹೀರೆ, ಹಾಗಲ, ಟೊಮೆಟೊ, ಸೊಪ್ಪು, ದುಂಡು ಮಲ್ಲಿಗೆ, ಕನಕಾಂಬರ, ಚೆಂಡು ಹೂ, ಎಲ್ಲ ಬಂದವು. ಇದು ಹೇಗಾಯಿತು ಅಂತ ಮರೆಯುವ ಮೊದಲು ಬರೆದಿಡಬೇಕು ಅನ್ನಿಸಿತು. ನಮ್ಮ ಹಾಗೆ ಬಿಸಿಲೂರಿನಲ್ಲಿ ಇರುವವರಿಗೆ ಉಪಯೋಗಕ್ಕೆ ಬಂದರೆ ನನಗೆ ಸಂತೋಷ.

ನಮ್ಮ ಮನೆ ಚಿತ್ರದುರ್ಗದಲ್ಲಿ, ಕೋಟೆಯ ಕಡೆಗೆ ಏರುವ ಒಂದು ಓಣಿಯಲ್ಲಿದೆ. ಹಿತ್ತಲು 20 ಅಡಿ ಉದ್ದ, 15 ಅಡಿ ಅಗಲ. ಪಶ್ಚಿಮಕ್ಕೆ ಕಲ್ಲಿನ ಕಾಂಪೌಂಡು. ಅದರಾಚೆ ಬಂಡೆ. ದುರ್ಗದ ಬಿಸಿಲು ಇಲ್ಲಿನವರಿಗೆ ಗೊತ್ತು. ನಾಯಕನಹಟ್ಟಿ ತೇರು ಎಳೆಯುವ ಹೊತ್ತಿಗೆ ಜೋರಾಗುತ್ತದೆ. ಏಪ್ರಿಲ್‌ನಲ್ಲಿ 37, 38 ಡಿಗ್ರಿ ಮುಟ್ಟುತ್ತದೆ. ಅದಕ್ಕಿಂತ ಕಷ್ಟ ಅಂದರೆ ಬಂಡೆಯ ಝಳ. ಹಗಲೆಲ್ಲ ಕಾದ ಕಲ್ಲು ರಾತ್ರಿ ಒಂಬತ್ತಾದರೂ ಬಿಸಿ ಬಿಡುತ್ತಲೇ ಇರುತ್ತದೆ. ಮಣ್ಣು ಬರೀ ಗರಸು. ನೀರು ಹಾಕಿದರೆ ಸರ್ರನೆ ಇಳಿದು ಹೋಗುತ್ತದೆ. ನಲ್ಲಿಯಲ್ಲಿ ನೀರು ಬರುವುದು ಬೇಸಿಗೆಯಲ್ಲಿ ನಾಲ್ಕೈದು ದಿನಕ್ಕೊಮ್ಮೆ. ಬೋರಿನ ನೀರಿದೆ, ಆದರೆ ಗಡಸು. ಪಾತ್ರೆಯಲ್ಲಿ ಬಿಳಿ ಕಟ್ಟುತ್ತದೆ.

ಹೋದ ದೀಪಾವಳಿಗೆ ಅತ್ತೆ ನಮ್ಮ ಮನೆಗೆ ಬಂದು ಉಳಿದರು. ಅವರು ಚಳ್ಳಕೆರೆ ಕಡೆಯ ಹಳ್ಳಿಯವರು, ಶೇಂಗಾ ಹೊಲದಲ್ಲಿ ಬೆಳೆದವರು. ಬಂದ ಮೂರನೇ ದಿನ ನಾನು ಪೈಪು ಹಿಡಿದು ನೀರು ಹಾಕುವುದನ್ನು ನೋಡುತ್ತಾ ಕೂತಿದ್ದರು. ಆಮೇಲೆ ಎದ್ದು ಬಂದು ಮಣ್ಣಿನೊಳಗೆ ಬೆರಳು ಚುಚ್ಚಿದರು. ಬೆರಳಿನ ಒಂದು ಗೆಣ್ಣು ಮಾತ್ರ ಒದ್ದೆ. ಅದರ ಕೆಳಗೆ ಪುಡಿ ಮಣ್ಣು.

"ಹಿಂಗೆ ಮ್ಯಾಲೆ ಮ್ಯಾಲೆ ಹುಯ್ದ್ರೆ ಬೇರೂ ಮ್ಯಾಲೇ ಇರ್ತೈತೆ ಕಣವ್ವ. ನೀರು ಕೆಳಗೆ ಐತೆ ಅಂತ ಅದಕ್ಕೆ ಗೊತ್ತಾಗಬೇಕಲ್ಲ" ಅಂದರು.

ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಹತ್ತು ಬಕೆಟ್ ನೀರು ಎಲ್ಲಿ ಹೋಗುತ್ತಿತ್ತು ಅಂತ ಅವತ್ತೇ ಗೊತ್ತಾಯಿತು.

ಮೊದಲು ಕೈ ಹಾಕಿದ್ದು ಮಲ್ಲಿಗೆಗೆ. ತವರಿನಿಂದ ತಂದ ದುಂಡು ಮಲ್ಲಿಗೆ ಗಿಡ ಅದು, ನಾಲ್ಕು ವರ್ಷದ್ದು. ಎದೆಯೆತ್ತರ ಬೆಳೆದಿತ್ತು, ಹೂ ಮಾತ್ರ ಅಲ್ಲೊಂದು ಇಲ್ಲೊಂದು. ಡಿಸೆಂಬರ್‌ನಲ್ಲಿ ಎರಡು ವಾರ ಅದಕ್ಕೆ ನೀರು ಕೊಡಬೇಡ ಅಂದರು ಅತ್ತೆ. ಎಲೆ ಬಾಡಿತು. ಆಮೇಲೆ ಕುಡುಗೋಲು ತಂದು ಮೊಣಕಾಲೆತ್ತರಕ್ಕೆ ಕತ್ತರಿಸಿಬಿಟ್ಟರು. ಉಳಿದ ಎಲೆಗಳನ್ನೂ ಕೈಯಿಂದ ಉದುರಿಸಿದರು. ಬರೀ ಕಡ್ಡಿ. ನನಗೆ ಅಳು ಬಂದಿತ್ತು, ಅಮ್ಮ ಕೊಟ್ಟ ಗಿಡ ಅಲ್ವಾ. ಬುಡ ಬಿಡಿಸಿ, ಎರಡು ಬುಟ್ಟಿ ಕೊಟ್ಟಿಗೆ ಗೊಬ್ಬರ ಹಾಕಿ, ಆಮೇಲೆ ನೀರು ಕೊಟ್ಟೆವು. ಮೂರು ವಾರದಲ್ಲಿ ಗಿಡದ ತುಂಬ ಹೊಸ ಚಿಗುರು. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನಲ್ಲೇ. ಹಳೇ ಕೊಂಬೆ ಉಳಿಸಿಕೊಂಡರೆ ಬರೀ ಎಲೆ.

ಟೊಮೆಟೊ ಬೀಜವನ್ನೂ ಡಿಸೆಂಬರ್ ಮಧ್ಯದಲ್ಲೇ ಹಾಕಿದೆ. ಇದು ಹೋದ ವರ್ಷ ಕಲಿತ ಪಾಠ. ಆಗ ಮಾರ್ಚ್‌ನಲ್ಲಿ ಸಸಿ ನೆಟ್ಟಿದ್ದೆ. ಗಿಡ ಚೆನ್ನಾಗಿ ಬಂತು, ಹೂ ಬಿಟ್ಟಿತು, ಎಲ್ಲ ಹೂ ಉದುರಿತು. ಬಿಸಿಲು 35 ಡಿಗ್ರಿ ದಾಟಿ ರಾತ್ರಿಯೂ ಸೆಕೆ ಇದ್ದರೆ ಟೊಮೆಟೊ ಹೂವಿನ ಪರಾಗ ಕೆಡುತ್ತದೆ, ಕಾಯಿ ಕಚ್ಚುವುದಿಲ್ಲ. ಗೊಬ್ಬರ ಹಾಕಿದರೂ ಅಷ್ಟೇ, ನೀರು ಹಾಕಿದರೂ ಅಷ್ಟೇ. ಹಾಗಾಗಿ ಕಾಯಿ ಕಚ್ಚುವ ಕೆಲಸ ಮಾರ್ಚ್ ಮಧ್ಯದೊಳಗೆ ಮುಗಿಯಬೇಕು. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಸಸಿ ಜನವರಿ ಕೊನೆಗೆ ನೆಲದಲ್ಲಿ ಇರಬೇಕು.

ಸಂಕ್ರಾಂತಿ ಮುಗಿದ ಮೇಲೆ ನೆಲ ಅಗೆದೆವು. ಒಂದೂವರೆ ಅಡಿ ಆಳ. ಮನೆ ಕಟ್ಟಿದಾಗಿನ ಇಟ್ಟಿಗೆ ಚೂರು, ಸಿಮೆಂಟ್ ಹೆಂಟೆ, ಎಲ್ಲ ತೆಗೆದು ಹಾಕಲು ಎರಡು ಭಾನುವಾರ ಹಿಡಿಯಿತು. ಮನೆಯವರು ಒಂದು ಟ್ರ್ಯಾಕ್ಟರ್ ಕೆರೆ ಗೋಡು, ಅಂದರೆ ಕೆರೆಯ ಹೂಳು ಮಣ್ಣು, ತರಿಸಿದರು. ಗರಸು ಮಣ್ಣಿಗೆ ಗೋಡು ಬೆರೆತರೆ ನೀರು ನಿಲ್ಲುತ್ತದೆ. ಅದರ ಜೊತೆ ಕೊಟ್ಟಿಗೆ ಗೊಬ್ಬರ, ಒಂದಿಷ್ಟು ಬೇವಿನ ಹಿಂಡಿ.

ಇನ್ನು ಮಡಕೆಯ ವಿಷಯ. ಇದನ್ನೇ ನಾನು ಎಲ್ಲರಿಗೂ ಹೇಳುವುದು.

ಕುಂಬಾರರ ಹತ್ತಿರ ನಾಲ್ಕು ಲೀಟರ್ ಹಿಡಿಯುವ ಎಂಟು ಮಡಕೆ ತಂದೆವು. ಬಣ್ಣ ಬಳಿದದ್ದು ಬೇಡ, ನುಣುಪು ಕೊಟ್ಟದ್ದೂ ಬೇಡ. ಬರೀ ಸುಟ್ಟ ಮಣ್ಣಿನದು ಬೇಕು. ನೀರು ತುಂಬಿಸಿ ರಾತ್ರಿ ಇಟ್ಟರೆ ಬೆಳಿಗ್ಗೆ ಹೊರಗೆಲ್ಲ ಒದ್ದೆಯಾಗಿರಬೇಕು. ಎಂಟರಲ್ಲಿ ಒಂದು ಒಣಗಿಯೇ ಇತ್ತು, ಬದಲಾಯಿಸಿಕೊಂಡು ಬಂದೆ. ಮಡಕೆಗಿಂತ ಅಗಲವಾದ ಗುಂಡಿ ತೋಡಿ, ಸುತ್ತ ಗೊಬ್ಬರ ಬೆರೆಸಿದ ಮಣ್ಣು ತುಂಬಿ, ಕತ್ತಿನವರೆಗೆ ಹೂತೆವು. ಬಾಯಿ ಮಾತ್ರ ಎರಡು ಬೆರಳಿನಷ್ಟು ಮೇಲೆ. ಇಲ್ಲದಿದ್ದರೆ ಮಳೆ ಬಂದಾಗ ಮಣ್ಣು ಒಳಗೆ ಹೋಗುತ್ತದೆ. ಬಾಯಿಗೆ ಚಪ್ಪಡಿ ಕಲ್ಲು ಮುಚ್ಚಬೇಕು. ತೆರೆದಿಟ್ಟರೆ ಸೊಳ್ಳೆ ಮೊಟ್ಟೆ ಇಡುತ್ತವೆ.

ಸುತ್ತಲಿನ ಮಣ್ಣು ಒಣಗಿದಾಗ ಅದು ಮಡಕೆಯ ಗೋಡೆಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಮಣ್ಣು ಒದ್ದೆ ಇದ್ದಾಗ ನೀರು ಒಸರುವುದು ನಿಧಾನವಾಗುತ್ತದೆ. ಗಿಡ ಎಷ್ಟು ಕುಡಿಯುತ್ತದೋ ಅಷ್ಟೇ ಖರ್ಚು. ಎರಡು ದಿನಕ್ಕೊಮ್ಮೆ ಮುಚ್ಚಳ ತೆಗೆದು ತುಂಬಿಸುವುದು, ಅಷ್ಟೇ ಕೆಲಸ. ಎಂಟು ಮಡಕೆಗೆ 32 ಲೀಟರ್. ದಿನಕ್ಕೆ 16 ಲೀಟರ್, ಒಂದು ಬಕೆಟ್‌ಗಿಂತ ಸ್ವಲ್ಪ ಜಾಸ್ತಿ. ಮೇಲಿನ ಮಣ್ಣು ಒಣಗಿಯೇ ಇರುವುದರಿಂದ ಕಳೆ ಕೂಡ ಕಡಿಮೆ. ಬೀಜ ಹಾಕಿದ ಮೊದಲ ಎರಡು ಮೂರು ವಾರ ಮಾತ್ರ ಮೇಲಿನಿಂದ ಚೊಂಬಿನಲ್ಲಿ ನೀರು ಕೊಡಬೇಕು. ಪುಟ್ಟ ಬೇರಿಗೆ ಮಡಕೆ ಸಿಕ್ಕಿರುವುದಿಲ್ಲವಲ್ಲ.

ಆಮೇಲೆ ನೆಲಕ್ಕೆ ಹೊದಿಕೆ. ಚಳ್ಳಕೆರೆ ಕಡೆ ಎಣ್ಣೆ ಮಿಲ್ಲುಗಳು ಜಾಸ್ತಿ, ಶೇಂಗಾ ಸಿಪ್ಪೆಗೆ ಬರವಿಲ್ಲ. ಅತ್ತೆಯ ತಮ್ಮ ನಾಲ್ಕು ಚೀಲ ಸಿಪ್ಪೆ ಬಸ್ಸಿಗೆ ಹಾಕಿ ಕಳಿಸಿದರು. ಗಿಡಗಳ ನಡುವೆ ಮೂರು ಬೆರಳು ದಪ್ಪ ಹರಡಿದೆವು. ಮಧ್ಯಾಹ್ನ ಎರಡು ಗಂಟೆಗೆ ಬರಿ ನೆಲದ ಮೇಲೆ ಕಾಲಿಡಲು ಆಗುತ್ತಿರಲಿಲ್ಲ. ಸಿಪ್ಪೆ ಸರಿಸಿ ಕೈ ಇಟ್ಟರೆ ಅಡಿಯ ಮಣ್ಣು ತಣ್ಣಗೆ. ಮೊದಲ ವಾರ ಅದರಲ್ಲಿ ಇರುವೆ ಬಂದವು, ಕಾಳಿನ ಚೂರಿಗೆ. ಆಮೇಲೆ ತಾವೇ ಹೋದವು.

ಅಡುಗೆ ಮನೆಯ ನೀರಿಗೂ ಒಂದು ದಾರಿ ಮಾಡಿದೆವು. ಇದು ಹೊಳೆದದ್ದು ಕೋಟೆಯಲ್ಲಿ. ಜನವರಿಯಲ್ಲಿ ಅತ್ತೆಯನ್ನೂ ಮಗಳನ್ನೂ ಕರೆದುಕೊಂಡು ಮೇಲೆ ಹೋಗಿದ್ದೆ. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕತಂಗಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಊರೊಳಗಿನ ಸಂತೆಹೊಂಡಕ್ಕೆ. ಬಂಡೆಯ ಮೇಲೆ ಬಿದ್ದ ಮಳೆಯನ್ನು ಒಂದಾದ ಮೇಲೊಂದು ಕಡೆ ನಿಲ್ಲಿಸಿಕೊಂಡು ಬಂದಿದ್ದಾರೆ. ಚಿಕ್ಕಂದಿನಿಂದ ನೋಡಿದ ಹೊಂಡಗಳೇ, ಆದರೆ ಅವತ್ತು ಬೇರೆ ಥರ ಕಂಡವು. ಮನೆಗೆ ಬಂದವಳೇ ಎರಡು ಬಕೆಟ್ ಇಟ್ಟೆ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಒಂದರಲ್ಲಿ. ಅದು ಸೊಪ್ಪಿನ ಮಡಿಗೆ ಮತ್ತು ಮಲ್ಲಿಗೆಗೆ. ಪಾತ್ರೆ ತೊಳೆದ ಸೋಪಿನ ನೀರು ಇನ್ನೊಂದರಲ್ಲಿ. ಅದು ಮೂಲೆಯ ಬಾಳೆ ಬುಡಕ್ಕೆ ಮಾತ್ರ. ಮೊದಲನೆಯದೇ ದಿನಕ್ಕೆ 20 ಲೀಟರ್ ಆಗುತ್ತದೆ. ಇಷ್ಟು ವರ್ಷ ಚರಂಡಿಗೆ ಬಿಟ್ಟ ನೀರು ಅದು. ಮಾರಿಕಣಿವೆ ಅಣೆಕಟ್ಟು ಒಮ್ಮೆ 1933ರಲ್ಲಿ ಕೋಡಿ ಬಿದ್ದು, ಮತ್ತೆ 2022ರಲ್ಲಿ ಕೋಡಿ ಬಿದ್ದದ್ದನ್ನು ನೋಡಲು ಜನ ಜಾತ್ರೆಯಂತೆ ಹೋದ ಜಿಲ್ಲೆ ನಮ್ಮದು. ನೀರು ಚರಂಡಿಗೆ ಹೋಗಬಾರದು.

ಫೆಬ್ರವರಿ 8ಕ್ಕೆ ಬೆಂಡೆ, ಹೀರೆ, ಹಾಗಲ ಬೀಜ ಹಾಕಿದೆವು. ರಾತ್ರಿ ನೆನೆಸಿ ಬೆಳಿಗ್ಗೆ ಊರುವುದು. ಹೀರೆಯನ್ನು ಪಶ್ಚಿಮದ ಗೋಡೆಯ ಕಡೆಗೇ ಹಾಕಿದ್ದಕ್ಕೆ ಕಾರಣ ಇದೆ. ಅಲ್ಲಿ ಬಿದಿರಿನ ಚಪ್ಪರ ಕಟ್ಟಿದರೆ ಮೂರು ಗಂಟೆಯ ಬಿಸಿಲನ್ನು ಅದೇ ತಡೆಯುತ್ತದೆ. ಅದರ ನೆರಳಿನಲ್ಲಿ ಕೊತ್ತಂಬರಿ, ಮೆಂತ್ಯೆ, ಕನಕಾಂಬರ. ಬಳ್ಳಿ ಹಬ್ಬುವವರೆಗೆ ಅತ್ತೆಯ ಹಳೇ ಹತ್ತಿ ಸೀರೆ ಕಟ್ಟಿದ್ದೆವು. ದಂಟಿನ ಸೊಪ್ಪಿಗೆ ನೆರಳಿನ ಹಂಗಿಲ್ಲ. 25 ದಿನಕ್ಕೆ ಕೀಳಬಹುದು, ಕಿತ್ತ ಜಾಗಕ್ಕೆ ಮತ್ತೆ ಬೀಜ ಚೆಲ್ಲಬಹುದು. ಬೇಸಿಗೆ ಮುಗಿಯುವವರೆಗೂ ಸೊಪ್ಪು ಕೊಳ್ಳಲಿಲ್ಲ.

ಬೆಂಡೆಯಲ್ಲಿ ಎರಡು ಬೀಜ ಹಾಕಿದ್ದೆ. ಒಂದು ಅಂಗಡಿಯ ಬಿಡಿ ಬೀಜ. ಇನ್ನೊಂದು ಅರ್ಕಾ ಅನಾಮಿಕ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿ. ಮಾರ್ಚ್ ಮಧ್ಯದಲ್ಲಿ ಬಿಡಿ ಬೀಜದ ಗಿಡಗಳ ಎಲೆಯಲ್ಲಿ ನರಗಳೆಲ್ಲ ಹಳದಿಯಾಗಿ ಬಲೆಯಂತೆ ಕಾಣತೊಡಗಿದವು. ಬಿಳಿ ನೊಣ ಹರಡುವ ನಂಜು ರೋಗ ಅದು. ಬಂದ ಮೇಲೆ ಔಷಧ ಇಲ್ಲ. ಆರು ಗಿಡ ಕಿತ್ತು ಹಾಕಿದೆ. ಹೂ ಬಿಡುವ ಹೊತ್ತಿನ ಗಿಡ ಕೀಳುವುದು ಸುಲಭವಲ್ಲ. ಆದರೆ ಬಿಟ್ಟರೆ ಉಳಿದವಕ್ಕೂ ಹರಡುತ್ತದೆ. ಪಕ್ಕದಲ್ಲೇ ಇದ್ದ ಅರ್ಕಾ ಅನಾಮಿಕದ ಹನ್ನೆರಡು ಗಿಡಕ್ಕೆ ಏನೂ ಆಗಲಿಲ್ಲ. ಆ ತಳಿ ಮಾಡಿದ್ದೇ ಈ ರೋಗ ತಡೆಯಲಿ ಅಂತ. ಆದರೂ ಬಿಳಿ ನೊಣ ಕಡಿಮೆಯಾಗಲಿ ಅಂತ ವಾರಕ್ಕೊಮ್ಮೆ ಸಂಜೆ ಬೇವಿನ ಬೀಜದ ಕಷಾಯ ಹೊಡೆದೆವು. ಹೋದ ಮಳೆಗಾಲದಲ್ಲಿ ಅತ್ತೆ ಆರಿಸಿ ಒಣಗಿಸಿದ್ದ ಬೀಜ. ಒಂದು ಲೀಟರ್ ನೀರಿಗೆ 50 ಗ್ರಾಂ ಪುಡಿ, ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಚೂರು ಸೋಪು ಕರಗಿಸಿ. ಬಿಸಿಲಿನಲ್ಲಿ ಹೊಡೆದರೆ ಅದರ ಗುಣ ಬೇಗ ಹೋಗುತ್ತದೆ.

ಮಾರ್ಚ್ 28ಕ್ಕೆ, 48ನೇ ದಿನ, ಮೊದಲ ಬೆಂಡೆ ಕೊಯ್ದೆ. ಹದಿಮೂರು ಕಾಯಿ. ಅವತ್ತು ಮಾಡಿದ ಪಲ್ಯಕ್ಕೆ ಒಗ್ಗರಣೆ ಬಿಟ್ಟು ಏನೂ ಹಾಕಲಿಲ್ಲ, ಕಾಯಿಯ ರುಚಿ ಗೊತ್ತಾಗಲಿ ಅಂತ.

ಹೀರೆ ಮಾತ್ರ ನಮ್ಮನ್ನು ತುಂಬ ಕಾಯಿಸಿತು. ಬಳ್ಳಿ ಚಪ್ಪರ ತುಂಬಿತು. ಗೊಂಚಲು ಗೊಂಚಲು ಹಳದಿ ಹೂ. ಅವೆಲ್ಲ ಗಂಡು ಹೂ, ಮೊದಲು ಅವೇ ಬರುತ್ತವೆ. ಏಪ್ರಿಲ್ ಮೊದಲ ವಾರ ಹೆಣ್ಣು ಹೂ ಬಂದವು. ಹೂವಿನ ಹಿಂದೆ ಬೆರಳುದ್ದದ ಮಿಡಿ ಇರುತ್ತದೆ, ಅದೇ ಗುರುತು. ಎರಡು ದಿನದಲ್ಲಿ ಮಿಡಿ ಹಳದಿಯಾಗಿ ಉದುರಿತು. ಮತ್ತೆ ಬಂತು, ಮತ್ತೆ ಉದುರಿತು. ನೀರು ಕಡಿಮೆಯಾಯಿತೇನೋ ಅಂತ ಬುಡಕ್ಕೆ ಇನ್ನೆರಡು ಚೊಂಬು ಹಾಕಿದೆ. ಏನೂ ಆಗಲಿಲ್ಲ. ಅತ್ತೆಗೂ ಗೊತ್ತಾಗಲಿಲ್ಲ. "ಹೊಲದಾಗೆ ನಾವೇನೂ ಮಾಡ್ತಿರಲಿಲ್ಲ, ಅದರ ಪಾಡಿಗೆ ಅದು ಕಾಯಿ ಬಿಡ್ತಿತ್ತು" ಅಂದರು.

ಹೇಳಿದ್ದು ಸಂತೆಯಲ್ಲಿ ಹೀರೆಕಾಯಿ ಮಾರುವ ಒಬ್ಬ ಅಜ್ಜ. "ಹುಳ ಬರಲ್ಲ ನಿಮ್ಮನೆತಾವ. ಹೊತ್ತು ಮುಳುಗೋ ಹೊತ್ತಿಗೆ ಗಂಡು ಹೂವ ತಗಂಡು ಹೆಣ್ಣು ಹೂವಿಗೆ ಮುಟ್ಟಿಸ್ರವ್ವ" ಅಂದರು. ಹೊತ್ತು ಮುಳುಗುವಾಗ ಯಾಕೆ ಅಂತ ಕೇಳಿದೆ. "ಅದು ಅರಳೋದೇ ಆವಾಗ."

ಆವರೆಗೆ ಅದನ್ನು ನಾನು ಗಮನಿಸಿಯೇ ಇರಲಿಲ್ಲ. ಅವತ್ತು ಸಂಜೆ ನಾನೂ ಮಗಳೂ ಚಪ್ಪರದ ಕೆಳಗೆ ಕೂತೆವು. ಐದು ಗಂಟೆಗೆ ಎಲ್ಲ ಮೊಗ್ಗು. ಆರರ ಹೊತ್ತಿಗೆ ಒಂದೊಂದೇ ಬಿಚ್ಚಿಕೊಂಡು ಚಪ್ಪರವೆಲ್ಲ ಹಳದಿಯಾಯಿತು. ಹೊಲದಲ್ಲಿ ಸಂಜೆ ಹಾರಾಡುವ ಪತಂಗಗಳು ಈ ಕೆಲಸ ಮಾಡುತ್ತವೆ. ನಮ್ಮ ಓಣಿಯಲ್ಲಿ ಅವು ಕಾಣಲಿಲ್ಲ. ಗಂಡು ಹೂ ಕಿತ್ತು, ದಳ ತೆಗೆದು, ನಡುವಿನ ಪುಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿದೆವು. ಅವತ್ತು ನಾಲ್ಕು ಹೂವಿಗೆ. ಗುರುತಿಗೆ ಮಗಳು ತೊಟ್ಟಿಗೆ ದಾರ ಕಟ್ಟಿದಳು. ಮೂರನೇ ದಿನ ನಾಲ್ಕರಲ್ಲಿ ಮೂರು ಮಿಡಿ ಹಸಿರಾಗಿಯೇ ಇದ್ದವು, ತುದಿ ಬಾಗಿ ಉದ್ದವಾಗಿದ್ದವು. ಎಂಟನೇ ದಿನ ಕೊಯ್ದೆವು. ಅಲ್ಲಿಂದ ಮೇ ಕೊನೆಯವರೆಗೆ ಸಂಜೆ ಆರು ಗಂಟೆ ಮಗಳ ಕೆಲಸ. ಅವಳೇ ಬರೆದಿಟ್ಟ ಲೆಕ್ಕದಂತೆ 41 ಹೀರೆಕಾಯಿ.

ಕೋಟೆಯ ಹತ್ತಿರ ಇರುವ ಮನೆಗಳಿಗೆ ಕೋತಿ ಕಾಟ ಇದ್ದದ್ದೇ. ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಬಂದು ಟೊಮೆಟೊ ಅರ್ಧ ಖಾಲಿ ಮಾಡಿದವು. ಅವಕ್ಕೂ ಮೇಲೆ ಬಂಡೆಯಲ್ಲಿ ತಿನ್ನಲು ಏನಿದೆ ಹೇಳಿ. ಉಳಿದ ಕಾಯಿಯನ್ನು ಬಣ್ಣ ತಿರುಗುವಾಗಲೇ ಕಿತ್ತು ಒಳಗೆ ಹಣ್ಣು ಮಾಡಿದೆವು. ಅದರಿಂದ ಇನ್ನೊಂದು ಲಾಭವಾಯಿತು. ಬಿರುಬಿಸಿಲಿನಲ್ಲಿ ಗಿಡದಲ್ಲೇ ಬಿಟ್ಟ ಹಣ್ಣು ಕೆಂಪಾಗದೆ ಕಿತ್ತಳೆಯ ಹಾಗೆ ಉಳಿಯುತ್ತದೆ. ಒಳಗೆ ತಣ್ಣಗಿಟ್ಟದ್ದು ಚೆನ್ನಾಗಿ ಕೆಂಪಾಯಿತು. ಹಾಗಲವನ್ನು ಕೋತಿಗಳು ಮುಟ್ಟಲಿಲ್ಲ. ಚೆಂಡು ಹೂವನ್ನು ಟೊಮೆಟೊ ಸಾಲಿನ ಪಕ್ಕ ಮೊದಲೇ ನೆಟ್ಟಿದ್ದೆ. ಕಾಯಿ ಕೊರೆಯುವ ಹುಳುವಿನ ಚಿಟ್ಟೆ ಟೊಮೆಟೊ ಬಿಟ್ಟು ಅದರ ಮೊಗ್ಗಿನಲ್ಲಿ ಮೊಟ್ಟೆ ಇಡುತ್ತದೆ. ಹುಳು ಕಂಡ ಮೊಗ್ಗನ್ನು ಕಿತ್ತು ಹಾಕಿದರೆ ಆಯಿತು.

ಮಲ್ಲಿಗೆ ಯುಗಾದಿ ಹೊತ್ತಿಗೆ ಶುರುವಾಯಿತು. ಮೊದಲ ದಿನ ಒಂದು ಹಿಡಿ ಮೊಗ್ಗು. ಏಪ್ರಿಲ್ ಮಧ್ಯಕ್ಕೆ ದಿನಾ ಎರಡು ಮೊಳ ಕಟ್ಟುವಷ್ಟು. ಸಂಜೆ ನಾಲ್ಕೂವರೆಗೆ, ಮೊಗ್ಗು ಬೆಳ್ಳಗೆ ಉಬ್ಬಿ ಇನ್ನೂ ಬಿರಿಯದೆ ಇರುವಾಗ ಬಿಡಿಸಬೇಕು. ಅತ್ತೆ ಜಗಲಿಯಲ್ಲಿ ಕೂತು ಕಟ್ಟುವಾಗ ನಡುನಡುವೆ ಕನಕಾಂಬರ ಸೇರಿಸುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಮಾಲೆ ಅವರ ಮಡಿಲಲ್ಲೇ ಅರಳುತ್ತಿತ್ತು. ಅಮ್ಮನಿಗೆ ಫೋನ್ ಮಾಡಿ ಹೇಳಿದೆ, ನಿನ್ನ ಗಿಡ ಮೊಣಕಾಲೆತ್ತರಕ್ಕೆ ಕತ್ತರಿಸಿದ ಮೇಲೆ ಹೀಗೆ ಹೂ ಬಿಟ್ಟಿದೆ ಅಂತ. ಕನಕಾಂಬರದ ಒಣಗಿದ ತೆನೆಗೆ ನೀರು ಚಿಮುಕಿಸಿದರೆ ಕಾಯಿ ಪಟಪಟ ಸಿಡಿದು ಬೀಜ ಹಾರುತ್ತದೆ. ಮಗಳು ಬಟ್ಟೆ ಹಾಸಿ ಅದನ್ನೆಲ್ಲ ಆರಿಸಿ ಡಬ್ಬಿಯಲ್ಲಿ ಇಟ್ಟಿದ್ದಾಳೆ.

ಭರಣಿ ಮಳೆ ಎರಡು ದಿನ ಬಂತು. ಆಮೇಲೆ ಕೃತ್ತಿಕೆಯಲ್ಲಿ ಗಾಳಿ ಜಾಸ್ತಿ, ಚಪ್ಪರ ಒಂದು ಕಡೆ ವಾಲಿತು. ರೋಹಿಣಿ ಹಿಡಿದ ಮೇಲೆ ಹೀರೆ ಬಳ್ಳಿ ಬಾಡತೊಡಗಿತು. ಅದರಲ್ಲಿ ಒಂದು ಕಾಯಿಯನ್ನು ಬೀಜಕ್ಕೆ ಅಂತ ಬಿಟ್ಟಿದ್ದೆವು. ಅತ್ತೆ ತಮ್ಮ ಸೀರೆಯ ಅಂಚು ಹರಿದು ಅದಕ್ಕೆ ಕಟ್ಟಿದ್ದರು, ಯಾರೂ ಕೊಯ್ಯಬಾರದು ಅಂತ. ಈಗ ಅದು ಒಣಗಿ ಹಗುರಾಗಿದೆ. ಅಲ್ಲಾಡಿಸಿದರೆ ಒಳಗೆ ಬೀಜದ ಸದ್ದು.

ಜೂನ್ ಮೊದಲ ವಾರ ಮಡಕೆಗಳನ್ನು ತೆಗೆದು ತೊಳೆಯೋಣ ಅಂದುಕೊಂಡೆ. ಗಡಸು ನೀರಿಗೆ ಒಳಗೆಲ್ಲ ಬಿಳಿ ಕಟ್ಟಿತ್ತು, ಹುಣಸೆ ಹುಳಿ ಹಾಕಿ ಉಜ್ಜಬೇಕಿತ್ತು. ಬೆಂಡೆ ಸಾಲಿನ ಮಡಕೆಯ ಸುತ್ತ ಮೆಲ್ಲಗೆ ಮಣ್ಣು ಬಿಡಿಸಿದೆ. ಕತ್ತಿನಿಂದ ತಳದವರೆಗೆ ಬೇರು ಸುತ್ತಿಕೊಂಡಿತ್ತು. ಬೆಳ್ಳಗಿನ ಎಳೆ ಬೇರು, ಕೈಯಲ್ಲಿ ಹೆಣೆದ ಬಲೆಯಂತೆ. ಎಲ್ಲಿಯೂ ಮಡಕೆಯ ಮೈ ಕಾಣುತ್ತಿರಲಿಲ್ಲ. ಅತ್ತೆಯನ್ನು ಕರೆದು ತೋರಿಸಿದೆ. ಅವರು ಕೂತು, ಬೇರಿನ ಮೇಲೆ ಅಂಗೈ ಸವರಿ, ಸ್ವಲ್ಪ ಹೊತ್ತು ಸುಮ್ನೆ ಇದ್ದರು.

"ಮುಚ್ಚಿಬಿಡವ್ವ. ಗಿಡದಾಗೆ ಇನ್ನೂ ಹೂವೈತೆ" ಅಂದರು.

ಮಣ್ಣು ಮುಚ್ಚಿ, ಮಡಕೆಗೆ ನೀರು ತುಂಬಿಸಿದೆ.